ಪಡಸಾಲೆಯಲ್ಲಿ ಇಂಗ್ಲೆಂಡ್

ನನ್ನ ಮೊಮ್ಮಗಳು ನೀಲಾ ದಿನಾ ಬೆಳಿಗ್ಗೆ ಇಂಗ್ಲೆಂಡಿನಲ್ಲಿ ಸೈಕಲ್ ಹೊಡೆಯುತ್ತಾಳೆ. ಎಲ್ಲಿಂದ ಎಂದಿರಾ? ತಿಕೋಟಾದ ನಮ್ಮ ಮನೆಯ ಪಡಸಾಲೆಯಿಂದ. ಜೋಳದ ಚೀಲಕ್ಕೂ ಟೀವಿಗೂ ನಡುವೆ ಇರುವ ಜಾಗದಲ್ಲಿ.

ನಗಬೇಡಿ. ಸೈಕಲ್ಲಿನ ಹಿಂದಿನ ಗಾಲಿಯನ್ನು ಕಬ್ಬಿಣದ ಸ್ಟ್ಯಾಂಡಿಗೆ ಸಿಗಿಸಿದ್ದಾರೆ. ಪೆಡಲ್ ತುಳಿದರೆ ಗಾಲಿ ತಿರುಗುತ್ತದೆ, ಸೈಕಲ್ ನಿಂತಲ್ಲೇ ಇರುತ್ತದೆ. ಹ್ಯಾಂಡಲ್ಲಿಗೆ ಮೊಬೈಲ್ ಕಟ್ಟಿಕೊಂಡಿದ್ದಾಳೆ. ಅದರೊಳಗೆ ಇಂಗ್ಲೆಂಡಿನ ಹಳ್ಳಿಗಾಡಿನ ದಾರಿ ಓಡುತ್ತದೆ. (ಕರೆಂಟ್ ಹೋದರೂ ಇಂಗ್ಲೆಂಡ್ ಹೋಗುವುದಿಲ್ಲ. ಫ್ಯಾನ್ ಮಾತ್ರ ಹೋಗುತ್ತದೆ.)

ಮೊದಲ ದಿನ ನಾನೂ ಕನ್ನಡಕ ಏರಿಸಿಕೊಂಡು ನೋಡಿದೆ. ಎರಡೂ ಕಡೆ ಹಸಿರು ಬೇಲಿ, ಬೇಲಿಯಾಚೆ ಕುರಿ. ಎಷ್ಟು ಹೊತ್ತು ನೋಡಿದರೂ ಒಂದು ಕಾರಿಲ್ಲ, ಒಂದು ಬೈಕಿಲ್ಲ. ಒಬ್ಬಳು ಮುದುಕಿ, ನನ್ನ ವಯಸ್ಸಿನವಳೇ, ನಾಯಿ ಹಿಡಿದುಕೊಂಡು ನಡುರಸ್ತೆಯಲ್ಲಿ ಹೊರಟಿದ್ದಳು. ಹಿಂದೆ ತಿರುಗಿ ನೋಡುವ ಚಟವೇ ಅವಳಿಗಿಲ್ಲ.

‘ಇವ್ರ ಊರಾಗ ಇವತ್ತ ಬಂದ್ ಐತೇನ?’ ಎಂದು ಕೇಳಿದೆ.

‘ಬಂದ್ ಅಲ್ಲ ಆಯಿ. ಈ ದಾರಿಗಿ ಗಾಡಿ ಬಿಡೂದ ಇಲ್ಲ. ಮೊದಲ ಇಲ್ಲಿ ರೈಲು ಹೋಗ್ತಿತ್ತಂತ. ಅದು ನಿಂತ ಮ್ಯಾಲ ಹಳಿ ಕಿತ್ತು ಸೈಕಲ್‌ದವ್ರಿಗಿ, ನಡಿಯಾವ್ರಿಗಿ ದಾರಿ ಮಾಡ್ಯಾರ.’

ಹಳಿ ಕಿತ್ತ ಜಾಗ ಹಾಗೇ ಉಳಿದಿದೆ? ಒಬ್ಬನೂ ಪ್ಲಾಟ್ ಹಾಕಲಿಲ್ಲ? ದಾರಿಯ ಬಾಯಲ್ಲಿ ಒಂದು ಕಂಬ ನೆಟ್ಟಿದ್ದರು. ಸೈಕಲ್ ನುಸುಳುತ್ತದೆ, ಕಾರು ನುಸುಳುವುದಿಲ್ಲ. ಅಷ್ಟೇ. ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ನನಗೂ ತಿಳಿಯಿತು.

ನೀಲಾ ಪಡಸಾಲೆಗೆ ಯಾಕೆ ಬಂದಳು, ಅದನ್ನು ಹೇಳುತ್ತೇನೆ.

ಅವಳು ರೇಸ್ ಸೈಕಲ್ಲಿನ ಹುಡುಗಿ. ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಬೇಕು, ಅದೊಂದೇ ಅವಳ ತಲೆಯಲ್ಲಿ. ಆಯ್ಕೆ ನಡೆಯುವುದು ರಸ್ತೆಯ ಮೇಲೆ. ಪ್ರಾಕ್ಟೀಸೂ ರಸ್ತೆಯ ಮೇಲೇ ಆಗಬೇಕು. ನಮಗೆ ಇರುವ ರಸ್ತೆ ಯಾವುದು? ತಿಕೋಟಾದಿಂದ ವಿಜಯಪುರಕ್ಕೆ ಹೋಗುವುದು. ಒಣದ್ರಾಕ್ಷಿ ಲಾರಿ, ಬಸ್ಸು, ಎರಡೆರಡು ಟ್ರ್ಯಾಲಿ ಕಟ್ಟಿಕೊಂಡು ಹಾಡು ಹಚ್ಚಿಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರು. ಇವುಗಳ ಮಗ್ಗುಲಿಗೆ ನನ್ನ ಹೆಬ್ಬೆರಳಿನಷ್ಟು ಅಗಲದ ಟೈರಿನ ಸೈಕಲ್.

ಅವಳಪ್ಪ, ಅಂದರೆ ನನ್ನ ಮಗ, ಬೈಕಿನಲ್ಲಿ ಅವಳ ಹಿಂದೆಯೇ ಹೋಗುತ್ತಿದ್ದ. ಯಾಕೆ ಗೊತ್ತೇ? ಹಿಂದಿನಿಂದ ಲಾರಿ ಬಡಿದರೆ ಮೊದಲು ತನಗೆ ಬಡಿಯಲಿ ಎಂದು. ಇದು ನಮ್ಮ ಕಡೆಯ ಸೇಫ್ಟಿ.

ನನ್ನ ತವರುಮನೆ ಬಬಲೇಶ್ವರದ ಕಡೆ ಒಂದು ಸಣ್ಣ ಹಳ್ಳಿ. ಅಲ್ಲಿ ಹೊಲಗಳ ನಡುವೆ ಕೆನಾಲ್ ಇದೆ, ದಂಡೆಯ ಮೇಲೆ ಗರಸುಮಣ್ಣು ಹಾಕಿದ ಕಚ್ಚಾ ದಾರಿ. ಆಡು, ಎಮ್ಮೆ ಬಿಟ್ಟರೆ ಯಾರೂ ತಿರುಗುವುದಿಲ್ಲ. ಕಳೆದ ದಸರಾ ರಜೆಯಲ್ಲಿ ಅಲ್ಲಿಗೆ ಹೋದಾಗ ನೀಲಾ ಆ ದಾರಿ ನೋಡಿ ಹಿಗ್ಗಿಹೋದಳು. ರಜೆ ಮುಗಿದರೂ ಅಲ್ಲೇ ಉಳಿಯುತ್ತೇನೆ, ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತೇನೆ ಎಂದಳು. ಅವಳ ಜೊತೆ ನಾನೂ ಉಳಿದೆ. ಒಂದೇ ತೊಂದರೆ, ಜಾಲಿಮುಳ್ಳು. ದಿನಾ ಪಂಕ್ಚರ್.

ನನ್ನ ತಮ್ಮ ಮಲ್ಲೇಶಿ ಅಲ್ಲಿ ಪಂಚಾಯತಿ ಮೆಂಬರ್. ‘ಮುತ್ಯಾ, ಯಾರಿಗರೆ ಹೇಳಿ ದಾರ್ಯಾಗಿನ ಮುಳ್ಳ ಗುಡಸ್ರಿ, ಅಷ್ಟ ಸಾಕು’ ಎಂದು ನೀಲಾ ಅವನಿಗೆ ಹೇಳಿದಳು.

‘ಕಸಬರಿಗಿ ಹಿಡಿಸೂದೇನ ದೊಡ್ಡ ಕೆಲಸ? ನಮ್ಮ ಹುಡುಗಿ ರೇಸಿಗಿ ಹೊಂಟಾಳ. ಡಾಂಬರ್ ಹಾಕಸ್ತೀನಿ’ ಎಂದ.

ಹಾಕಿಸಿಯೇಬಿಟ್ಟ. (ಜೀವನದಲ್ಲಿ ಆಡಿದ ಮಾತು ನಡೆಸಿದ್ದು ಅದೊಂದೇ ಸಲ.) ರಿಬ್ಬನ್ ಕಟ್ಟಿ, ಮೊದಲು ನೀಲಾಳ ಸೈಕಲ್ಲನ್ನೇ ದಾಟಿಸಿ, ಫೋಟೋ ತೆಗೆಸಿದ. ಒಂದು ವಾರ ಆ ಹುಡುಗಿ ಹಾರಿದಳು. ಸೈಕಲ್ಲಿನಿಂದ ಇಳಿದ ಮೇಲೂ ಅವಳ ಮುಖ ಇಳಿಯುತ್ತಿರಲಿಲ್ಲ.

ಆಮೇಲೆ ಸುತ್ತಲಿನ ಊರಿಗೆಲ್ಲ ಗೊತ್ತಾಯಿತು, ಇದು ಒಳ್ಳೆಯ ಒಳದಾರಿ ಎಂದು. ಮೊದಲು ಬೈಕು ಬಂದವು. ಅವುಗಳ ಹಿಂದೆ ಟಂಟಂ ಆಟೋ. ಟಂಟಂ ಹಿಂದೆ ಟ್ರ್ಯಾಕ್ಟರು.

‘ಮಲ್ಲೇಶಿ, ದಾರಿ ಬಾಯಿಗಿ ಒಂದ ಕಲ್ಲ ನೆಡಸೋ’ ಎಂದೆ.

‘ಏನ ಮಾತಾಡ್ತಿ ಅಕ್ಕಾ. ಡಾಂಬರ್ ಹಾಕಿ ಗಾಡಿ ಬರಬ್ಯಾಡ್ರಿ ಅಂದ್ರ ಮಂದಿ ನಗಂಗಿಲ್ಲೇನ?’

‘ಯಾರ ಸಲುವಾಗಿ ಹಾಕಿಸಿದಿ?’

‘ನೀಲಾನ ಸಲುವಾಗೇ.’

‘ಮತ್ತ ಆಕಿ ಎಲ್ಲಿ ಹೊಡೀಬೇಕು?’

‘ಅಂಚಿಗಿ ಹೊಡೀಲಿ.’

ಅಂಚಿಗೆ. ನಮ್ಮ ಹೆಣ್ಣುಮಕ್ಕಳಿಗೆ ನಾವು ಹೇಳುತ್ತ ಬಂದಿರುವುದೆಲ್ಲ ಇದೇ ಅಲ್ಲವೇ?

ನನ್ನ ಕಾಟ ತಾಳಲಾರದೆ ಕಡೆಗೆ ಒಂದು ಕಲ್ಲು ನೆಡಿಸಿದ. ಎಂಟು ದಿನ ತಡೆಯಲಿಲ್ಲ. ಯಾರೋ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಿತ್ತಿದ್ದರು. ಯಾರು ಕಿತ್ತರೋ ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಕಲ್ಲು ಮಾತ್ರ ಒಂದು ಮನೆಯ ಹಿತ್ತಲಲ್ಲಿ ಅರಿವೆ ಒಗೆಯುವ ಕಲ್ಲಾಗಿದೆ. ನಾನೇ ಕಣ್ಣಾರೆ ಕಂಡೆ. ಕೇಳಿದರೆ ‘ಮೊದಲಿಂದೂ ಇಲ್ಲೇ ಐತ್ರಿ’ ಎಂದರು.

ಸುಗ್ಗಿ ಬಂತು. ನಮ್ಮ ಕಡೆ ಡಾಂಬರ್ ಕಂಡರೆ ಅದು ಕಣ. ಕೊಯ್ದ ತೊಗರಿಯನ್ನು ರಸ್ತೆಯ ಮೇಲೆ ಹರಡುತ್ತಾರೆ, ಗಾಡಿಗಳು ಮೇಲೆ ಹಾಯ್ದು ಹಾಯ್ದು ಕಾಳು ಬಿಡಿಸುತ್ತವೆ. ಕೂಲಿ ಉಳಿಯುತ್ತದೆ. ಕೆನಾಲಿನ ಪಕ್ಕದ ಹೊಲದ ಕಸ್ತೂರವ್ವ ಹೊಸ ರಸ್ತೆಯ ತುಂಬ ತೊಗರಿ ಹರಡಿ, ಕೈಬೀಸಿ ಗಾಡಿಗಳನ್ನು ಕರೆಯುತ್ತಿದ್ದಳು. ‘ಬರ್ರಿ, ಬರ್ರಿ, ಮ್ಯಾಲ ಹಾಯಿಸ್ಕೊಂಡ ಹೋಗ್ರಿ.’

ತಿರುವಿನ ಈ ಕಡೆಯಿಂದ ನೀಲಾ ಬಂದಳು. ಆ ಕಡೆಯಿಂದ, ಕಸ್ತೂರವ್ವ ಕರೆದ ಟ್ರ್ಯಾಕ್ಟರ್ ಬಂತು. ನೀಲಾ ಅಂಚಿಗೆ ತಿರುಗಿಸಿದಳು. ಅಂಚಿನ ತುಂಬ ತೊಗರಿಕಟ್ಟಿಗೆ. ಸಣ್ಣ ಟೈರು ಜಾರಿತು. ಹೆಗಲಿನ ಎಲುಬು ಮುರಿಯಿತು. ಟ್ರ್ಯಾಕ್ಟರಿನ ದೊಡ್ಡ ಗಾಲಿ ಅವಳ ತಲೆಯ ಹತ್ತಿರವೇ ಬಂದು ನಿಂತಿತ್ತಂತೆ.

ಕಸ್ತೂರವ್ವನೇ ಎತ್ತಿ ನೀರು ಕುಡಿಸಿದಳು. ನಾನು ಓಡಿಬಂದಾಗ ಸೆರಗಿನಿಂದ ನೀಲಾಳ ಮುಖ ಒರೆಸುತ್ತ ಹೇಳಿದಳು, ‘ನಂದೇನ ತಪ್ಪ ಬೇ ಯಕ್ಕಾ. ಗಾಡಿ ಹಾಯೂ ರಸ್ತಾ ಅಂತ ಹಾಕೀನಿ. ಈಕಿ ಸೈಕಲ್ ತಗೊಂಡ ಬರ್ತಾಳಂತ ನನಗ ಕನಸ ಬಿದ್ದಿತ್ತೇನ?’

ಆಮೇಲೆ ಮನೆಗೆ ತೊಗರಿಬೇಳೆ ಕಳಿಸಿದಳು. ಅದೇ ತೊಗರಿಯದು. ನಾವೂ ಸಾರು ಮಾಡಿ ಉಂಡೆವು.

ಯಾರ ಮೇಲೆ ಸಿಟ್ಟಾಗಲಿ? ತಮ್ಮ ಪ್ರೀತಿಯಿಂದಲೇ ಡಾಂಬರ್ ಹಾಕಿಸಿದ. ಕಸ್ತೂರವ್ವ ಒಳ್ಳೆಯ ಹೆಂಗಸು. ದವಾಖಾನೆಗೆ ಒಯ್ದವನು ಆ ಟ್ರ್ಯಾಕ್ಟರಿನವನೇ. ಇಷ್ಟೆಲ್ಲ ಒಳ್ಳೆಯವರಿರುವ ಊರಿನಲ್ಲಿ ಒಂದು ಹುಡುಗಿಗೆ ದಾರಿ ಇಲ್ಲ. ಕೆಟ್ಟವರಿದ್ದಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ತಿಕೋಟಾಕ್ಕೆ ಮರಳಿದೆವು. ಎಲುಬು ಕೂಡಿತು. ಅವಳಪ್ಪ ಮಾತ್ರ ಇನ್ನು ರಸ್ತೆ ಸಾಕು ಎಂದ. ಯಾರೋ ಈ ಸ್ಟ್ಯಾಂಡು ಕೊಡಿಸಿದರು. ಅಂದಿನಿಂದ ಅವಳು ಇಂಗ್ಲೆಂಡಿನವಳಾದಳು. ಬೆವರು ಸುರಿಯುತ್ತದೆ, ಕಾಲು ಗಟ್ಟಿಯಾಗಿವೆ, ಎಲ್ಲಿಗೂ ಹೋಗಿಲ್ಲ.

ಬರುವ ವಾರ ಹಾಸ್ಟೆಲಿನ ಆಯ್ಕೆ ಇದೆ. ತಿಂಗಳಿಂದ ನಾನು ಮಗನ ಬೆನ್ನು ಬಿದ್ದಿದ್ದೆ. ‘ಒಂದ ದಿನದ ಮಾತ. ಕರಕೊಂಡ ಹೋಗೋ.’ ಇವತ್ತು ಬೆಳಿಗ್ಗೆ ಬೈಕ್ ಒರೆಸುತ್ತ, ನನ್ನ ಮುಖ ನೋಡದೆ ಹೇಳಿದ, ‘ಆಕಿ ಹೂಂ ಅಂದ್ರ ಒಯ್ತೀನಿ. ಕೇಳಿ ಬಾ.’

ಗೆದ್ದೆ ಎಂದುಕೊಂಡೇ ಒಳಗೆ ಬಂದೆ. ನೀಲಾ ತುಳಿಯುತ್ತಿದ್ದಳು. ಮೊಬೈಲಿನಲ್ಲಿ ಅದೇ ದಾರಿ, ಅದೇ ಬೇಲಿ. ಒಂದು ತಿರುವು ಬಂತು. ಅವಳ ಎರಡೂ ಕೈ ಗಪ್ಪನೆ ಬ್ರೇಕ್ ಹಿಡಿದವು. ತಿರುವಿನಾಚೆ ನಾಲ್ಕು ಕುರಿ ಮೇಯುತ್ತಿದ್ದವು.

‘ಯವ್ವಾ, ಅಲ್ಲಿ ಎದುರಿಗಿ ಯಾವ ಗಾಡೀನೂ ಬರಂಗಿಲ್ಲ’ ಎಂದೆ.

‘ಗೊತ್ತೈತಿ ಆಯಿ’ ಎಂದಳು.

ಮುಂದಿನ ತಿರುವಿನಲ್ಲಿ ಮತ್ತೆ ಹಿಡಿದಳು. ಹೊರಗೆ ಬೈಕ್ ಒರೆಸುತ್ತ ಕಾಯುತ್ತಿರುವವನಿಗೆ ನಾನೀಗ ಏನು ಹೇಳಲಿ?