ಬೀಗದ ಕೈ ಹಿಡಿದಿದ್ದ ಲೀಡರ್

ಮೊಮ್ಮಕ್ಕಳೇ, ನನ್ನ ಮಗಳಾದ ನಿಮ್ಮ ಅತ್ತೆಯಂತೆ ಬುದ್ಧಿ ನಿಧಾನವಾಗಿ ಬೆಳೆಯುವ ಐದು ಮಕ್ಕಳಿಗೆ ಉಣ್ಣುವುದು, ಉಡುವುದು ಕಲಿಸಲು ನಾವು ತಾಯಂದಿರು ನಾರಾಯಣಖೇಡದಲ್ಲಿ ಒಂದು ಖಾಲಿ ಸರ್ಕಾರಿ ಕೋಣೆ ಕೇಳುತ್ತಿದ್ದೆವು. ಬೀಗದ ಕೈ ಇಟ್ಟುಕೊಂಡಿದ್ದ ಓಣಿಯ ಲೀಡರ್ ಶಾಲು ಸರಿಮಾಡಿಕೊಂಡು ಪ್ರತಿಸಲವೂ ಅದನ್ನೇ ಹೇಳುತ್ತಿದ್ದ: “ತೆಲಂಗಾಣ ಬರ್ಲಿ ತಡೀರಿ, ಅಕ್ಕಾ.”

ಪ್ರತ್ಯೇಕ ರಾಜ್ಯಕ್ಕಾಗಿ ರಸ್ತೆಯಲ್ಲೇ ಒಲೆ ಹೂಡಿ ಉಣ್ಣುವ ಹೋರಾಟದ ದಿನ ಮಾತ್ರ ತಾನೇ ಮನೆಗೆ ಬಂದ. “ಈ ಮಕ್ಕಳಿಗಿ ಮುಂದ ಕೂಡ್ಸ್ರಿ, ಫೋಟೋ ಜೋರ್ ಬರ್ತದ.” ನಿಮ್ಮ ಅತ್ತೆ ನಗುತ್ತ ಆತನ ಬಾಯಿಗೆ ತುತ್ತಿಟ್ಟಳು. ಫೋಟೋ ಮುಗಿದೊಡನೆ ಮಹಾಶಯ ಅದನ್ನು ಉಗುಳಿದ.

ರಾಜ್ಯ ಬಂತು. ಕೋಣೆ ಆತನ ಆಫೀಸಾಯಿತು. ಗೋಡೆಗೆ ನಿಮ್ಮ ಅತ್ತೆ ತುತ್ತಿಡುವ ಅದೇ ಫೋಟೋ. ಮಕ್ಕಳೊಂದಿಗೆ ಹೋದೆವು.

“ಜಾಗಾ ಎಲ್ಲಿ ಅದರಿ, ಅಕ್ಕಾ?” ಎಂದ ಲೀಡರ್.

ಗಂಡಸರೆದುರು ಬಾಯಿ ಬಿಡದ ನಾನು ಗೋಡೆ ತೋರಿಸಿದೆ: “ನನ್ನ ಮಗಳಿಗಿ ಆಗ್ಲೇ ಒಳಗ ಕೂಡ್ಸೀರಲ್ರಿ. ಉಳಿದೋರಿಗಿ ಕರ್ಕೊಂಡು ಬಂದೀನಿ.”

ಆತನ ಕುರ್ಚಿ ಸರಿಸಿ ಚಾಪೆ ಹಾಸಿದೆವು.