ಹದಿನಾಲ್ಕನೇ ದೊಡ್ಡಿಯ ತೊಗಲು

ಎವರಿಸ್ತೊ ಲುದುವೇನ್ಯ ಇಪ್ಪತ್ತೆರಡು ವರ್ಷ ಸಗಣಿ ಕೆರೆದ. ಹಾಗೆಂದು ಹೇಳಿಕೊಳ್ಳಲು ಅವನಿಗೆ ನಾಚಿಕೆಯಿರಲಿಲ್ಲ. "ಕೈ ಕೆಸರಾದ್ರೆ ಬಾಯಿ ಮೊಸರಂತೆ. ನಂದು ಕುತ್ತಿಗೆ ತನಕ ಕೆಸರು, ಮೊಸರು ಮಾತ್ರ ಯಜಮಾನ್ರಿಗೆ" ಎಂದು ನಗುತ್ತಿದ್ದ. ಕೊರ್ದೋಬಾ ಪ್ರಾಂತ್ಯದ ದಕ್ಷಿಣ ತುದಿಯ ಬಯಲಿನಲ್ಲಿ, ದನ ಕೊಬ್ಬಿಸುವ ಮೂವತ್ತು ದೊಡ್ಡಿಗಳ ನಡುವೆ ಅವನ ಬದುಕು ಸವೆಯಿತು. ಹೋರಿಗಳು ಬರುತ್ತಿದ್ದವು, ನೂರು ದಿನ ಮೆಕ್ಕೆಜೋಳ ತಿನ್ನುತ್ತಿದ್ದವು, ಕಸಾಯಿಖಾನೆಯ ಲಾರಿ ಹತ್ತುತ್ತಿದ್ದವು. ಅವು ಬಿಟ್ಟುಹೋದದ್ದನ್ನು ಇವನು ಟ್ರ್ಯಾಕ್ಟರಿನ ಅಲಗಿನಿಂದ ಬಾಚಿ ಹೊಲಕ್ಕೆ ಸಾಗಿಸುತ್ತಿದ್ದ.

ಇದೇನು ಮಹಾ ವಿದ್ಯೆ ಎನ್ನುವವರು ಒಂದು ದಿನ ಆ ಅಲಗು ಹಿಡಿದು ನೋಡಬೇಕು. ಮೇಲಿನ ಸಡಿಲ ಸಗಣಿ ಮಾತ್ರ ಬರಬೇಕು. ಅದರ ಕೆಳಗೆ, ಸಗಣಿ ಗಂಜಲ ಮಣ್ಣು ಮೂರೂ ಸಾವಿರಾರು ಗೊರಸುಗಳ ತುಳಿತಕ್ಕೆ ಬೆರೆತು ಗಾರೆಯಷ್ಟು ಗಟ್ಟಿಯಾದ ಒಂದು ಗೇಣಿನ ಕಪ್ಪು ಪದರವಿರುತ್ತದೆ. ದೊಡ್ಡಿಯ ಆಳುಗಳು ಅದನ್ನು ತೊಗಲು ಎನ್ನುತ್ತಾರೆ. ಮಳೆ ಬಂದರೆ ನೀರು ತೊಗಲಿನ ಮೇಲೆ ನಿಲ್ಲುತ್ತದೆ, ಇಳಿಜಾರಿಗೆ ಹರಿದು ಹೊಂಡ ಸೇರುತ್ತದೆ, ಕೆಳಗೆ ಮಾತ್ರ ಇಳಿಯುವುದಿಲ್ಲ. ಹಸು ಸುಲಿಯುವವನ ಚಾಕು ಹೇಗೆ ತೊಗಲನ್ನು ಕೊಯ್ಯಬಾರದೋ ಹಾಗೆಯೇ ಕೆರೆಯುವವನ ಅಲಗು ನೆಲದ ತೊಗಲನ್ನು ಕೊಯ್ಯಬಾರದು. ಹೊಸಬರಿಗೆ ಎವರಿಸ್ತೊ ಕಲಿಸುತ್ತಿದ್ದ ಮೊದಲ ಪಾಠ ಅದು.

ಅಂಥವನೇ ಒಂದು ಮಧ್ಯಾಹ್ನ ತೊಗಲು ಕೊಯ್ದ.

ಕಾರಣ ಅವನ ಕುದುರೆ. ಅದರ ಒಂದು ಕಣ್ಣು ಕಪ್ಪು, ಇನ್ನೊಂದು ತಿಳಿನೀಲಿ. ಅಂಥ ಕಣ್ಣಿನ ಕುದುರೆಗೆ ಅಲ್ಲಿ ಸಾರ್ಕೊ ಎನ್ನುತ್ತಾರೆ, ಅದೇ ಅದರ ಹೆಸರೂ ಆಗಿತ್ತು. ಹದಿನೇಳು ವರ್ಷ ಅವನನ್ನು ಹೊತ್ತು ದನ ಅಟ್ಟಿದ ಆ ಕುದುರೆ ಮಾರ್ಚಿನ ಒಂದು ದಿನ ಖಾಲಿಯಾಗಿದ್ದ ಹದಿನಾಲ್ಕನೇ ದೊಡ್ಡಿಯಲ್ಲಿ ಮಂಡಿಯೂರಿತು, ಮತ್ತೆ ಏಳಲಿಲ್ಲ. ಸತ್ತ ಪ್ರಾಣಿಯನ್ನು ಸರಪಳಿ ಕಟ್ಟಿ ಗೇಟಿಗೆ ಎಳೆದು ಹಾಕಬೇಕು. ಕೊಬ್ಬು ಕರಗಿಸಿ ಸಾಬೂನು ಮಾಡುವವರ ಲಾರಿ ಬಂದು ಒಯ್ಯುತ್ತದೆ. ಅದು ದೊಡ್ಡಿಯ ಕಾನೂನು. ಆದರೆ ಎವರಿಸ್ತೊನ ಅಪ್ಪ, ಅಜ್ಜ ಎಲ್ಲರೂ ಕುದುರೆಯ ಮೇಲೆ ಬದುಕಿದ ದನಗಾಹಿಗಳು. ತನ್ನ ಕುದುರೆಯನ್ನು ಸಾಬೂನಿಗೆ ಕೊಟ್ಟವನು ಅವರ ಪೈಕಿ ಒಬ್ಬನೂ ಇರಲಿಲ್ಲ.

ಊಟವಾಗಿ ಎಲ್ಲರೂ ಮಲಗಿದ್ದ ಹೊತ್ತು. ಆ ಹೊತ್ತಿನಲ್ಲಿ ಓಡಾಡುವುದು ಒಳ್ಳೆಯ ಜೀವವಲ್ಲ ಎಂದು ಆ ಕಡೆಯ ಅಜ್ಜಿಯರು ಮಕ್ಕಳನ್ನು ಹೆದರಿಸುತ್ತಾರೆ. ಎವರಿಸ್ತೊ ಅಗೆಯುವ ಯಂತ್ರ ತಂದು, ಕುದುರೆ ಬಿದ್ದಲ್ಲೇ ತೊಗಲು ಕತ್ತರಿಸಿ, ಎರಡಾಳು ಆಳ ತೋಡಿ, ಅದು ಹುಟ್ಟಿದ ಹೊಲದ ಕಡೆಗೆ ತಲೆಯಿಟ್ಟು ಹೂತ. ಮೇಲೆ ಸಗಣಿ ಎಳೆದು ಸಮ ಮಾಡಿದ. ಲಾರಿ ಒಯ್ದಿತು ಎಂದು ಮೇಲ್ವಿಚಾರಕನಿಗೆ ಸುಳ್ಳು ಹೇಳಿದ. ಯಾರೂ ಮತ್ತೆ ಕೇಳಲಿಲ್ಲ.

ಮೂರನೇ ದಿನ ಆ ದೊಡ್ಡಿಗೆ ಹೊಸ ಹೋರಿಗಳು ಬಂದವು. ಬಂದವೇ, ಮೇವಿನ ಕಡೆಗೂ ಹೋಗದೆ, ಆ ಜಾಗದ ಸುತ್ತ ಉಂಗುರ ಕಟ್ಟಿ ನಿಂತವು. ತಲೆ ಒಳಕ್ಕೆ, ಬಾಲ ಹೊರಕ್ಕೆ. ಮೂಗನ್ನು ನೆಲಕ್ಕೆ ಹಚ್ಚಿ, ಹೊಟ್ಟೆಯ ಆಳದಿಂದ ಒಂದೇ ಸಮನೆ ಅಂಬಾ ಎಂದವು. ತಮ್ಮವರ ರಕ್ತ ಬಿದ್ದಲ್ಲಿ ದನ ಹಾಗೆ ಅಳುವುದುಂಟು. ಇಲ್ಲಿ ಒಂದು ಹನಿ ರಕ್ತವೂ ಬಿದ್ದಿರಲಿಲ್ಲ. ಆ ಮೇಲೆ ಬಂದ ಯಾವ ಹೋರಿಯೂ ಅಲ್ಲಿ ಮಲಗಲಿಲ್ಲ.

ಜೂನಿನಲ್ಲಿ ಬಿಬಿಯಾನಾ ಸರ್ತೋರಿ ಎಂಬ ಕೃಷಿ ಇಂಜಿನಿಯರ್ ಎರಡು ಲಾರಿ ಬಿಳಿ ಪುಡಿ ತರಿಸಿದಳು. ಒಂದರಲ್ಲಿ ಜಿಪ್ಸಂ, ಇನ್ನೊಂದರಲ್ಲಿ ಪಟಕ. ದೊಡ್ಡಿಗಳ ಸಗಣಿಗೆ ಅದನ್ನು ಎರಚಬೇಕು.

"ಎರಚಿದ್ರೆ ಏನಾಗುತ್ತೆ, ಇಂಜಿನಿಯರಮ್ಮ?"

"ಈ ಕಣ್ಣುರಿಯೋ ವಾಸನೆ ಇದೆಯಲ್ಲ ದೋನ್ ಎವರಿಸ್ತೊ, ಅದೇ ಗೊಬ್ಬರದ ಸತ್ವ. ಗಾಳಿಗೆ ಹಾರಿ ಹೋಗ್ತಿದೆ. ಪಟಕ ಅದನ್ನ ಇಲ್ಲೇ ಹಿಡ್ಕೊಳ್ಳುತ್ತೆ. ಮಳೆಗೆ ಕೊಚ್ಚಿ ಹೋಗೋ ರಂಜಕಾನೂ ಹಿಡ್ಕೊಳ್ಳುತ್ತೆ. ಆಮೇಲೆ ನೀವು ಕೆರೆದು ಹೊಲಕ್ಕೆ ಹಾಕ್ತೀರಿ."

"ಅಂದ್ರೆ ಹಾರಿ ಹೋಗ್ತಿದ್ದ ಪಿಶಾಚಿನ ಮನೆ ಒಳಗೇ ಕಟ್ಟಿ ಹಾಕ್ತೀರಿ."

ಅವಳು ನಕ್ಕಳು. "ಹಂಗೇ ಅಂದ್ಕೊಳ್ಳಿ. ಆದ್ರೆ ಮನೆಗೆ ತೂತಿರಬಾರದು. ತೊಗಲು ಹರಿದಿದ್ರೆ ಎಲ್ಲಾ ಸೀದಾ ಬಾವಿ ನೀರಿಗೇ. ಮೂವತ್ತು ದೊಡ್ಡೀಲೂ ತೊಗಲು ಸರಿ ಇದೆಯಾ? ನಿಮ್ಮಷ್ಟು ಗೊತ್ತಿರೋರು ಇಲ್ಲಿ ಇನ್ಯಾರೂ ಇಲ್ಲ, ನಿಮ್ಮ ಮಾತನ್ನೇ ಬರ್ಕೋತೀನಿ."

"ಸರಿ ಇದೆ."

"ಹದಿನಾಲ್ಕು? ಅಲ್ಲಿ ದನ ಒಂಥರಾ ನಿಲ್ತವೆ."

"ಹದಿನಾಲ್ಕೂ ಸರಿ ಇದೆ" ಎಂದ ಎವರಿಸ್ತೊ. ಅವಳು ಬರೆದುಕೊಂಡಳು.

ಪುಡಿ ಬಿದ್ದ ವಾರದೊಳಗೆ ವಾಸನೆ ನಿಂತುಹೋಯಿತು. ಪಕ್ಕದ ಊರಿನವರು ಹಬ್ಬ ಮಾಡುವುದೊಂದು ಬಾಕಿ. ಎವರಿಸ್ತೊಗೆ ಮಾತ್ರ ಎದೆ ಭಾರವಾಯಿತು. ಮೊಣಕಾಲಿನವರೆಗೆ ಬೆಳ್ಳಗಾದ ಹೋರಿಗಳು ಸದ್ದಿಲ್ಲದೆ ಓಡಾಡುತ್ತಿದ್ದವು. ಆರು ಸಾವಿರ ದನ ಕಣ್ಣೆದುರಿಗಿವೆ, ಮೂಗಿಗೆ ಒಂದೂ ಇಲ್ಲ. ತಾನು ಸತ್ತಮೇಲೂ ಬಂದು ಅದೇ ಕೆಲಸ ಮಾಡುತ್ತಿದ್ದೇನೋ ಎಂದು ಅವನಿಗೆ ಎಷ್ಟೋ ಸಲ ಅನುಮಾನವಾಗುತ್ತಿತ್ತು.

ಆಳುಗಳ ನಾಲ್ಕು ಮನೆಗಳು ಹದಿನಾಲ್ಕನೇ ದೊಡ್ಡಿಯಿಂದ ಇನ್ನೂರು ಹೆಜ್ಜೆ ಕೆಳಗೆ, ಒಂದೇ ಬಾವಿಯ ಸುತ್ತ ಇದ್ದವು. ಅದರಲ್ಲೊಂದು ಎವರಿಸ್ತೊನದು. ಹೆಂಡತಿ ತೀರಿಕೊಂಡ ಮೇಲೆ ಮಗಳು ನಿಲ್ದಾ ಅವನ ಜೊತೆಗಿದ್ದಳು. ಅವಳ ಗಂಡ ಕೊಯ್ಲಿನ ಯಂತ್ರದ ಹಿಂದೆ ಊರೂರು ಸುತ್ತುವವನು. ಆಗಸ್ಟಿನಲ್ಲಿ ಅವಳಿಗೆ ಹೆಣ್ಣು ಮಗು ಹುಟ್ಟಿತು, ಒರಿಯಾನಾ ಎಂದು ಹೆಸರಿಟ್ಟರು. ಎರಡು ತಿಂಗಳಿಗೆ ಎದೆಹಾಲು ಬತ್ತಿತು. ಡಬ್ಬಿಯ ಹಾಲುಪುಡಿ ಶುರುವಾಯಿತು.

ಅಕ್ಟೋಬರಿನಲ್ಲಿ ಒಂಬತ್ತು ದಿನ ಬಿಡದೆ ಮಳೆ ಹೊಡೆಯಿತು. ಇಪ್ಪತ್ತೊಂಬತ್ತು ದೊಡ್ಡಿಗಳಲ್ಲಿ ಕರಿನೀರು ನಿಂತಿತು. ಹದಿನಾಲ್ಕರಲ್ಲಿ ನಿಲ್ಲಲಿಲ್ಲ. ಹೋರಿಗಳ ಉಂಗುರದ ನಡುವೆ ನೀರು ಸುಳಿ ತಿರುಗಿ ಒಳಗೆ ಇಳಿಯುತ್ತಿತ್ತು. ಎವರಿಸ್ತೊ ಬೇಲಿಗೆ ಒರಗಿ ಕಿವಿಗೊಟ್ಟ. ಗುಟುಕು ಗುಟುಕಾಗಿ, ಮಧ್ಯೆ ಉಸಿರು ತೆಗೆದುಕೊಂಡು, ತೊಟ್ಟಿಯಲ್ಲಿ ಮೂತಿಯಿಟ್ಟ ಕುದುರೆ ನೀರು ಕುಡಿಯುವ ಸದ್ದು. ಶಿಲುಬೆ ಸನ್ನೆ ಮಾಡಿಕೊಂಡು ಮನೆಗೆ ಬಂದ, ಯಾರಿಗೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವ ಅವನಿಗೆ ಹೇಳಬೇಕಾದದ್ದನ್ನು ಭಯ ಹೇಳಗೊಡಲಿಲ್ಲ. ಕುದುರೆಯ ದೆವ್ವಕ್ಕೆ ಹೆದರಿದನೇ ಹೊರತು ನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿಕೊಳ್ಳಲಿಲ್ಲ ಪುಣ್ಯಾತ್ಮ.

ನವೆಂಬರಿನಲ್ಲಿ ಮಗುವಿನ ಬಣ್ಣ ಬದಲಾಯಿತು. ಮೊದಲು ತುಟಿಯ ಸುತ್ತ, ಆಮೇಲೆ ಉಗುರುಗಳಲ್ಲಿ ಸ್ಲೇಟಿನ ಬೂದಿ ನೀಲಿ. ಜ್ವರವಿಲ್ಲ, ಕೆಮ್ಮಿಲ್ಲ, ಅಳುವೂ ಇಲ್ಲ. ಎತ್ತಿಕೊಂಡರೆ ನಗುತ್ತಿತ್ತು. ಆ ನೀಲಿ ನಗು ನೋಡಿ ನಿಲ್ದಾ ಮುಖ ತಿರುಗಿಸಿದಳು.

"ಅಪ್ಪಾ, ಇವಳ್ಯಾಕೆ ಅಳಲ್ಲ?"

"ಯಾರದೋ ಕಣ್ಣು ಬಿದ್ದಿದೆ. ಕೆಂಪು ದಾರ ಕಟ್ಟು. ನೀರನ್ನ ಚೆನ್ನಾಗಿ ಕುದಿಸ್ತಿದೀಯ ತಾನೇ? ಒಂದು ಸಲ ಸಾಲ್ದು. ಮೂರು ಸಲ ಕುದಿಸು, ಅರ್ಧಕ್ಕೆ ಇಳೀಲಿ."

ನಿಲ್ದಾ ಮೂರು ಸಲ ಕುದಿಸಿದಳು. ಮಗು ಇನ್ನೂ ನೀಲಿಯಾಯಿತು.

ದೃಷ್ಟಿ ತೆಗೆಯುವ ಮುದುಕಿ ದೋನ್ಯಾ ಎರ್ಮಿನಿಯಾ ಬಂದಳು. ಆ ಕಡೆಯಲ್ಲೂ ದೃಷ್ಟಿ ತೆಗೆಯುವುದು ಪಟಕದಿಂದಲೇ. ಮಗುವಿಗೆ ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಹಾಕಿದರೆ ಅದು ಉಬ್ಬಿ, ಕಣ್ಣು ಹಾಕಿದವರ ಮುಖ ಅದರಲ್ಲಿ ಮೂಡುತ್ತದಂತೆ. ಪಟಕ ನೊರೆಗಟ್ಟಿತು, ಉಬ್ಬಿತು, ಬೆಳ್ಳಗೆ ಗಟ್ಟಿಯಾಯಿತು. ಮುದುಕಿ ಅದನ್ನು ಇಕ್ಕಳದಲ್ಲಿ ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದಳು.

"ನಲವತ್ತು ವರ್ಷದಿಂದ ಸುಡ್ತಿದೀನಿ, ಇಂಥದ್ದು ನೋಡಿಲ್ಲ. ಇದು ಮನುಷ್ಯನ ಮುಖ ಅಲ್ಲ ಕಣೋ ಎವರಿಸ್ತೊ. ಮೂತಿ ಉದ್ದ ಇದೆ. ಒಂದು ಕಣ್ಣು ತೂತಾಗಿದೆ, ಇನ್ನೊಂದು ಮುಚ್ಚಿದೆ." ಅವನ ಮುಖ ಬಿಳುಚಿಕೊಂಡದ್ದನ್ನು ಅವಳು ನೋಡಿದಳು. "ನಿಂಗೆ ಇದು ಗೊತ್ತು. ಏನು ಅಂತ ನಾನು ಕೇಳಲ್ಲ. ನನ್ನ ಕೈಲಿ ಆಗೋ ಕೆಲಸ ಅಲ್ಲ ಇದು, ಕೂಸನ್ನ ಆಸ್ಪತ್ರೆಗೆ ಎತ್ಕೊಂಡು ಹೋಗಿ."

ಹೊರಡಲು ಬಟ್ಟೆ ಬದಲಿಸುವಾಗ ಮಗುವಿನ ಬೆರಳು ಪಿನ್ನಿಗೆ ತಾಗಿ ಒಂದು ಹನಿ ರಕ್ತ ಮೂಡಿತು. ಅದು ಕೆಂಪಗಿರಲಿಲ್ಲ. ಚಾಕಲೇಟಿನ ಕಂದು ಬಣ್ಣ.

ಎವರಿಸ್ತೊ ಆ ಬಣ್ಣ ಒಮ್ಮೆ ನೋಡಿದ್ದ. ಹತ್ತು ವರ್ಷದ ಹಿಂದೆ, ಮಿತಿಮೀರಿ ಸಗಣಿ ಸುರಿದ ಹೊಲದಲ್ಲಿ ಬಾಡಿದ ಮೆಕ್ಕೆಜೋಳದ ದಂಟು ತಿಂದು ಹನ್ನೊಂದು ಹೋರಿ ಸತ್ತಿದ್ದವು, ಕೊಯ್ದಾಗ ರಕ್ತ ಹೀಗೇ ಇತ್ತು. ಗೊಬ್ಬರದ ನೈಟ್ರೇಟ್ ರಕ್ತಕ್ಕೆ ಸೇರಿ ಉಸಿರು ಹಿಡಿಯಗೊಡಲಿಲ್ಲ ಎಂದು ಪಶುವೈದ್ಯ ಹೇಳಿದ್ದ. ಅವನಿಗೆ ಒಮ್ಮೆಗೇ ಎಲ್ಲವೂ ತಿಳಿಯಿತು. ಸುಳಿ ತಿರುಗಿದ ನೀರು, ಬಾವಿ, ಹಾಲಿನ ಬಾಟಲಿ. ಕುದಿಸಿದಷ್ಟೂ ನೀರು ಹೋಗುತ್ತದೆ, ವಿಷ ಉಳಿದು ದಪ್ಪವಾಗುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತೇವೆ ನಾವು. ಇಲ್ಲಿ ಮಾಡಿದವನು ಅಜ್ಜ, ಉಂಡದ್ದು ಮೂರು ತಿಂಗಳ ಕೂಸು.

ಅರವತ್ತು ಕಿಲೋಮೀಟರು ದಾರಿ. ಮಗು ನಿಲ್ದಾಳ ಮಡಿಲಲ್ಲಿ ಉಸಿರಿಗಾಗಿ ಬಾಯಿ ತೆರೆದಾಗಲೆಲ್ಲ ಎವರಿಸ್ತೊ ಗಟ್ಟಿಯಾಗಿ ಮಗುವಿನ ಹೆಸರು ಕೂಗಿದ. ಆಸ್ಪತ್ರೆ ಮುಟ್ಟಿ ಬಾಗಿಲಲ್ಲೇ, "ಬಾವಿ ನೀರು, ಡಾಕ್ಟ್ರೇ. ನೈಟ್ರೇಟ್" ಎಂದ. ಆ ಎರಡು ಮಾತಿನಿಂದ ಒಂದು ಗಂಟೆ ಉಳಿಯಿತು ಎಂದು ಡಾಕ್ಟರು ಆಮೇಲೆ ಹೇಳಿದರು. ಅವರು ಮಗುವಿನ ನರಕ್ಕೆ ಚುಚ್ಚಿದ ಔಷಧಿ ಮಸಿಯಷ್ಟು ಕಡುನೀಲಿ. ನೀಲಿ ಮಗುವಿನೊಳಗೆ ಇನ್ನಷ್ಟು ನೀಲಿ ಇಳಿಯುತ್ತಿದ್ದರೆ, ಅದರ ಕಿವಿ, ತುಟಿ, ಉಗುರು ಒಂದೊಂದಾಗಿ ಕೆಂಪಾದವು. ಆಮೇಲೆ ಒರಿಯಾನಾ ಎರಡು ವಾರದಲ್ಲಿ ಮೊದಲ ಸಲ ಕಿರುಚಿ ಅತ್ತಳು.

"ಆ ನೀರನ್ನ ಇನ್ಯಾರು ಕುಡೀತಾರೆ?" ಡಾಕ್ಟರು ಕೇಳಿದರು.

ನಾಲ್ಕು ಮನೆ. ಅದರಲ್ಲೊಬ್ಬಳು ಬಸುರಿ. ಹಳೇ ಬಾವಿ, ಏನಾಗಿದೆಯೋ ಯಾರಿಗೆ ಗೊತ್ತು ಎಂದು ಕೈ ತೊಳೆದುಕೊಳ್ಳಬಹುದಿತ್ತು. ಎವರಿಸ್ತೊ ಮಗಳ ಎದುರಿನಲ್ಲೇ ಬಾಯಿಬಿಟ್ಟ. ಕುದುರೆ, ಗುಂಡಿ, ಇಂಜಿನಿಯರಿಗೆ ಹೇಳಿದ ಸುಳ್ಳು, ಎಲ್ಲ.

ಮರುದಿನ ಊಟದ ನಂತರದ ಅದೇ ಹೊತ್ತಿಗೆ, ಬಿಬಿಯಾನಾ ನಿಂತು ನೋಡುತ್ತಿದ್ದಂತೆ, ಅವನೇ ಹದಿನಾಲ್ಕನ್ನು ಅಗೆದ. ಎಲುಬು ಸಿಗಬಹುದೆಂದು ಅವನು ಎಣಿಸಿದ್ದ. ಸಿಕ್ಕಿದ್ದು ಇಡೀ ಸಾರ್ಕೊ. ಪಟಕ ಹಾಕಿ ತೊಗಲು ಹದ ಮಾಡುವುದು ಆ ಸೀಮೆಯ ಹಳೆಯ ಕಸುಬು. ನೆಲದೊಳಗೆ ಇಳಿದ ಪಟಕ ಅದನ್ನೇ ಮಾಡಿತ್ತು. ಕಂದು ಕುದುರೆ ಬೆಳ್ಳಗೆ, ಮೆತ್ತಗೆ, ಕೊಳೆಯದೆ ಮಲಗಿತ್ತು. ನೆಲದ ತೊಗಲು ಹರಿದಿತ್ತು, ಅದರ ತೊಗಲು ಉಳಿದಿತ್ತು. ಬೇಲಿಯಾಚೆಯ ಹೋರಿಗಳು ತಲೆಯೆತ್ತಿ ನೋಡಿದವು, ಒಂದೂ ಕೂಗಲಿಲ್ಲ.

ಎವರಿಸ್ತೊ ತಾನೇ ಸರಪಳಿ ಕಟ್ಟಿದ. ತಾನೇ ಗೇಟಿಗೆ ಎಳೆದ. ಸಾಬೂನಿನ ಲಾರಿ ಬಂತು. ಅವನು ಟೋಪಿ ತೆಗೆದು ನಿಂತು ಅತ್ತ. ಆಮೇಲೆ ಗುಂಡಿಗೆ ಜೇಡಿಮಣ್ಣು ತುಂಬಿ, ಪದರ ಪದರವಾಗಿ ರೋಲರಿನಿಂದ ಅದುಮಿ, ಹೊಸ ತೊಗಲು ಕಟ್ಟಿದ. ಬಿಬಿಯಾನಾ ತನ್ನ ಪುಸ್ತಕದಲ್ಲಿ ಒಂದು ಸಾಲು ಹೊಡೆದುಹಾಕಿದಳು. ಬಾವಿಗೆ ಮುಚ್ಚಳ ಬಿಗಿದರು.

"ಕೆಳಗೆ ಇಳಿದದ್ದು ವಾಪಸ್ ಯಾವಾಗ ಬರುತ್ತೆ, ಇಂಜಿನಿಯರಮ್ಮ?"

"ಅದನ್ನ ಕರೆಯೋಕೆ ನಮ್ಮ ಹತ್ರ ಏನೂ ಇಲ್ಲ, ದೋನ್ ಎವರಿಸ್ತೊ. ಬಾವಿ ತಿಳಿಯಾಗೋಕೆ ಇಪ್ಪತ್ತು ವರ್ಷ ಆಗ್ಬಹುದು."

ನಿಲ್ದಾ ಅವನನ್ನು ಬೈಯಲಿಲ್ಲ. ಒಂದೇ ಒಂದು ಸಲ, ಮತೇ ಸೊಪ್ಪಿನ ಕಷಾಯ ಸೋಸಿ ಅವನ ಕೈಗೆ ಕೊಡುತ್ತ ಕೇಳಿದಳು: "ಕುದುರೇನ ಹೂತಿದ್ದಕ್ಕೆ ನಂಗೆ ಸಿಟ್ಟಿಲ್ಲಪ್ಪಾ. ಇಂಜಿನಿಯರಮ್ಮ ಹದಿನಾಲ್ಕು ಅಂತ ಹೆಸರು ಹಿಡಿದು ಕೇಳಿದ್ರಲ್ಲ, ಆಗ ಹೇಳೋಕೆ ನಿಂಗೇನಾಗಿತ್ತು?"

ಈಗ ಅವನು ಕೆರೆಯುವುದಿಲ್ಲ. ವಾರಕ್ಕೆರಡು ಸಲ ಪೇಟೆಯಿಂದ ಕ್ಯಾನುಗಳಲ್ಲಿ ನೀರು ತಂದು ನಾಲ್ಕೂ ಮನೆಗೆ ಇಳಿಸುತ್ತಾನೆ. ಒರಿಯಾನಾ ಶಾಲೆಗೆ ಹೋಗುತ್ತಾಳೆ, ವಾಚಾಳಿ, ಅಜ್ಜನನ್ನು ಕುಣಿಸುತ್ತಾಳೆ. ಅಜ್ಜ ಎದ್ದು ಬಂದರೆ ಮೊದಲು ಏನು ಮಾಡುತ್ತಾನೆಂದು ಅವಳಿಗೆ ಗೊತ್ತು, ಯಾಕೆಂದು ಗೊತ್ತಿಲ್ಲ. ಅದೊಂದು ಆಟ ಎಂದುಕೊಂಡಿದ್ದಾಳೆ. ದಿನಾ ಬೆಳಗ್ಗೆ ಬಾಗಿಲಲ್ಲಿ ಹತ್ತೂ ಬೆರಳು ಚಾಚಿ ನಿಲ್ಲುತ್ತಾಳೆ. ಅವನು ಬಾಗಿ ಒಂದೊಂದೇ ಉಗುರನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಹತ್ತೂ ಕೆಂಪಗಿವೆ ಎಂದು ಕಂಡ ಮೇಲೆಯೇ ಅವನ ಬಾಯಿಂದ ಆ ದಿನದ ಮೊದಲ ಮಾತು ಹೊರಡುತ್ತದೆ.