ಸುಯ್ ಅಂದ ಇಂಜಿನ್

ಬನಶಂಕರಿಯ ನಮ್ಮ ಗ್ಯಾರೇಜಿಗೆ ರಿಟೈರ್ ಆದ ನರ್ಸ್ ಒಬ್ಬರು ಕಾರು ತಂದಿದ್ರು. ನಿಂತಲ್ಲೇ ಇಂಜಿನ್ ಗಡಗಡ ನಡುಗ್ತಿತ್ತು. ಹನ್ನೊಂದಕ್ಕೆ ಗಂಡನನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ಬೇಕು ಅಂತ ಗಳಿಗೆಗೊಮ್ಮೆ ವಾಚ್ ನೋಡ್ತಿದ್ರು. ಪ್ಲಗ್ ಬದಲಾಯಿಸಿದೆ, ಥ್ರಾಟಲ್ ಕ್ಲೀನ್ ಮಾಡಿದೆ. ನಡುಕ ನಿಲ್ಲಲೇ ಇಲ್ಲ.

ಅವರು ಇಂಜಿನ್ ಕಡೆ ಬಗ್ಗಿ, "ಇಲ್ಲೆಲ್ಲೋ ಸುಯ್ ಅಂತ ಗಾಳಿ ಎಳೀತಿದೆ," ಅಂದ್ರು.

"ಅದು ಫ್ಯಾನ್ ಸದ್ದು ಮೇಡಂ, ಸುಮ್ನಿರಿ," ಅಂತ ರೇಗಿದೆ. ಆದ್ರೂ ಕೈ ಹಾಕಿ ನೋಡಿದ್ರೆ, ಹಿಂದುಗಡೆ ವ್ಯಾಕ್ಯೂಮ್ ಪೈಪ್ ಸೀಳಿಹೋಗಿ, ಅಲ್ಲಿಂದಲೇ ಗಾಳಿ ಎಳೀತಿತ್ತು. ಬೆರಳಲ್ಲಿ ಮುಚ್ಚಿದ ತಕ್ಷಣ ನಡುಕ ನಿಂತಿತು. ಹೊಸ ಪೈಪ್ ಹಾಕಿ, ಹತ್ತೂವರೆಗೆ ಕಾರು ಕೊಟ್ಟೆ.

"ರೇಗಿಬಿಟ್ಟೆ, ಬೇಜಾರಾಗ್ಬೇಡಿ ಮೇಡಂ."

"ಪರ್ವಾಗಿಲ್ಲಪ್ಪ. ಡಾಕ್ಟ್ರುಗಳೂ ಹಿಂಗೇ ರೇಗೋರು. ಆಮೇಲೆ ನಾನು ಹೇಳಿದ್ದನ್ನೇ ಬರ್ಕೊಳ್ಳೋರು."

ದೋಷ ಕಂಡುಹಿಡಿದದ್ದು ನಾನೇ ಅಂತ ರಿಪೇರಿ ವಿವರ ಬರೆಯೋ ಜಾಬ್ ಕಾರ್ಡಿನಲ್ಲಿ ಆಗಲೇ ಬರೆದಾಗಿತ್ತು.